ಹೆಸರಿಗೊಂದು ಎಲೆ

ನಮ್ಮ ಮನೆಯ ಒಳಕೋಣೆಯ ಮೂಲೆಯಲ್ಲಿ ಸತ್ತವರು ಕೂರುತ್ತಿದ್ದರು, ಉಳಿದ ಜಾಗ ನಮ್ಮದು. ಇದನ್ನು ಚಮತ್ಕಾರಕ್ಕೆ ಹೇಳುತ್ತಿಲ್ಲ. ರಾತ್ರಿ ಮಲಗುವಾಗ ಎಷ್ಟೇ ಇಕ್ಕಟ್ಟಾದರೂ ಆ ಕಡೆ ಯಾರೂ ಕಾಲು ಚಾಚುತ್ತಿರಲಿಲ್ಲ. ಜಗಳವಾಡುವಾಗ ಅತ್ತ ನೋಡಿ ದನಿ ತಗ್ಗಿಸುತ್ತಿದ್ದೆವು, ಅಥವಾ ಬೇಕೆಂದೇ ಅವರಿಗೆ ಕೇಳಲಿ ಎಂದು ಏರಿಸುತ್ತಿದ್ದೆವು. ಕಲಘಟಗಿಯಿಂದ ಅಳ್ನಾವರದ ಕಡೆ ಹೊರಟರೆ ಹೊಲ ಮುಗಿದು ಸಾಗವಾನಿ ಗಿಡಗಳು ಶುರುವಾಗುತ್ತವಲ್ಲ, ಆ ಅಂಚಿನಲ್ಲಿ ನಮ್ಮ ಕೇರಿ. ನಾವು ಸಿದ್ದಿಗಳು. ನಮ್ಮ ಹಿರಿಯರನ್ನು ಆಫ್ರಿಕಾದಿಂದ ಹಡಗಿನಲ್ಲಿ ತುಂಬಿ ಗೋವೆಗೆ ತಂದು ಮಾರಿದ್ದರು. ಅವರು ಧಣಿಗಳ ಕೈಯಿಂದ ತಪ್ಪಿಸಿಕೊಂಡು, ಘಟ್ಟ ಹತ್ತಿ, ಈ ಕಾಡಿನ ಮಗ್ಗುಲಿಗೆ ಬಂದು ಉಳಿದರು. ಓಡಿ ಬಂದವರು ಎಂದು ಕೆಲವರು ನಮ್ಮನ್ನು ಕರೆಯುತ್ತಾರೆ. ಬಿಡಿಸಿಕೊಂಡು ಬಂದವರು ಎಂದು ನಾನು ಹೇಳುತ್ತೇನೆ. ಈ ಎರಡು ಮಾತಿಗೆ ಇರುವ ವ್ಯತ್ಯಾಸವನ್ನು ನನಗೆ ಕಲಿಸಿದವಳು ಆಯಿ, ನನ್ನ ಅಪ್ಪನ ತಾಯಿ. ಕೆಲವು ಸಲ ಬೆನ್ನಿಗೆ ಗುದ್ದಿಯೂ ಕಲಿಸಿದ್ದಾಳೆ.

ಕಡ್ಡಿ ಹೆಣೆದು ಮಣ್ಣು ಮೆತ್ತಿದ ಗೋಡೆಗಳು, ಸೆಗಣಿ ಸಾರಿಸಿದ ನೆಲ. ಹೊರಕೋಣೆಯಲ್ಲಿ ಕಾಕಾನ ಡಮಾಮಿ ತೂಗುತ್ತಿತ್ತು, ಎರಡೂ ಕಡೆ ಚರ್ಮ ಬಿಗಿದ ನಮ್ಮ ಡೋಲು. ಕಾಕಾ ಅಪ್ಪನ ತಮ್ಮ. ಅಪ್ಪ ಕಟ್ಟಿಗೆ ಕೆಲಸಕ್ಕೆಂದು ಅಳ್ನಾವರದ ಕಡೆಯೇ ಹೆಚ್ಚು ಇರುತ್ತಿದ್ದುದರಿಂದ ಮನೆಯಲ್ಲಿ ಗಂಡು ದನಿ ಎಂದರೆ ಕಾಕಾನದೇ, ಆ ದನಿಗೆ ಕಿಮ್ಮತ್ತು ಮಾತ್ರ ಇರಲಿಲ್ಲ. ಹಿತ್ತಿಲ ಕಡೆ ಅಡುಗೆಮನೆ, ಅಲ್ಲಿ ಅವ್ವನ ರಾಜ್ಯ. ಬೆಳಿಗ್ಗೆ ಗಂಜಿ, ಅದಕ್ಕೆ ಕೆಂಪಿರುವೆ ಅರೆದು ಮಾಡಿದ ಚಟ್ನಿ. ಆ ಚಟ್ನಿಯ ಹುಳಿ ಈಗಲೂ ನೆನೆದರೆ ಬಾಯಲ್ಲಿ ನೀರು. ಶಾಲೆಯಲ್ಲಿ ನಮ್ಮನ್ನು ಇರುವೆ ತಿನ್ನುವವರು ಎಂದು ಆಡಿಕೊಳ್ಳುತ್ತಿದ್ದ ಹುಡುಗಿಯೊಬ್ಬಳಿಗೆ ಒಮ್ಮೆ ರೊಟ್ಟಿಯ ಮೇಲೆ ಹಚ್ಚಿ ಕೊಟ್ಟಿದ್ದೆ. ಕಣ್ಣುಮುಚ್ಚಿ ಚಪ್ಪರಿಸಿ ಇನ್ನಷ್ಟು ಕೇಳಿದಳು. ಏನು ತಿಂದಳೆಂದು ಹೇಳಿದ ಮೇಲೆ ವಾರಗಟ್ಟಲೆ ನನ್ನ ಜೊತೆ ಮಾತು ಬಿಟ್ಟಳು. ಬಿಡಲಿ ಎಂದುಕೊಂಡೆ.

ಮೂಲೆಯಲ್ಲಿ ಒಂದು ಗೇಣೆತ್ತರದ ಮಣ್ಣಿನ ಕಟ್ಟೆ, ಅದರ ಮೇಲೆ ಕುಂಕುಮ ಹಚ್ಚಿದ ಒಂದು ತೆಂಗಿನಕಾಯಿ. ಅವರೇ ಹಿರಿಯರು. ಮಹಾನವಮಿಗೆ ಹಳೆಯ ಕಾಯಿ ಒಡೆದು ಹೊಸದನ್ನು ಇಡುತ್ತಿದ್ದೆವು. ಅಂದು ಕೇರಿಯ ನೆಂಟರೆಲ್ಲ ನಮ್ಮ ಮನೆಗೆ ಬರುತ್ತಿದ್ದರು. ಸಿದ್ದಿಗಳಲ್ಲಿ ಹಿಂದೂಗಳಿದ್ದಾರೆ, ಕ್ರೈಸ್ತರಿದ್ದಾರೆ, ಮುಸಲ್ಮಾನರಿದ್ದಾರೆ. ಹಬ್ಬ ಹರಿದಿನ ಬೇರೆ ಬೇರೆ, ಆ ಮೂಲೆ ಮಾತ್ರ ಎಲ್ಲರದು. ಕಟ್ಟೆಯ ಮುಂದೆ ಸಾಗವಾನಿ ಎಲೆಗಳನ್ನು ಹಾಸುತ್ತಿದ್ದರು, ಹೆಸರಿಗೊಂದು ಎಲೆ. ಕಾಕಾ ಡಮಾಮಿಯನ್ನು ಮೆಲ್ಲಗೆ ಬಡಿಯುತ್ತಿದ್ದ. ಆಯಿ ಕಣ್ಣು ಮುಚ್ಚಿ, ಹಾಡೂ ಅಲ್ಲದ ಮಾತೂ ಅಲ್ಲದ ಒಂದು ರಾಗದಲ್ಲಿ ಹಿರಿಯರ ಹೆಸರುಗಳನ್ನು ಕರೆಯುತ್ತ ಹೋಗುತ್ತಿದ್ದಳು. ಒಂದು ಹೆಸರು ಹಿಂದೂಗಳದು, ಮುಂದಿನದು ಕ್ರೈಸ್ತರದು, ಅದರ ಮುಂದಿನದು ಮುಸಲ್ಮಾನರದು, ಆಮೇಲೆ ಯಾರ ಭಾಷೆಗೂ ಸಿಗದ ಉದ್ದುದ್ದ ಹೆಸರುಗಳು. ಹೆಸರು ಕರೆದ ಕೂಡಲೇ ಅವ್ವ ಆ ಎಲೆಗೆ ಒಂದು ತುತ್ತು ಅನ್ನ, ಒಂದು ಚೂರು ಕೋಳಿ ಇಡುತ್ತಿದ್ದಳು. ಈ ಹೆಸರುಗಳ ಸರ ಒಮ್ಮೆ ಶುರುವಾದರೆ ನಡುವೆ ನಿಲ್ಲಿಸುವಂತಿಲ್ಲ. ಮುಗಿದ ಮೇಲೆ ಒಂದೊಂದು ಎಲೆ ಒಬ್ಬೊಬ್ಬ ಮಗುವಿಗೆ. ಯಾರ ಎಲೆ ಉಂಡೆವೋ ಅವರ ಹೆಸರು ನಮ್ಮ ಪಾಲಿಗೆ. ಪ್ರತಿ ವರ್ಷ ಅದೇ ಎಲೆ, ಅದೇ ಹೆಸರು. ಹೆಸರು ಕಲಿಯುವ ದಾರಿ ಅದೊಂದೇ ಇತ್ತು. ಏಕೆಂದರೆ ಅನ್ನ ಇಡದೆ ಹೆಸರು ತೆಗೆಯುವುದು ನಮ್ಮಲ್ಲಿ ದೊಡ್ಡ ತಪ್ಪು. ಒಂದು ದಿನ ಪಾತ್ರೆ ತಿಕ್ಕುತ್ತ ನಾನು ಆ ರಾಗವನ್ನು ಗುನುಗಿದ್ದಕ್ಕೆ ಆಯಿ ಹಿತ್ತಿಲಿಗೇ ಬಂದು ನನ್ನ ಬೆನ್ನಿಗೆ ಗುದ್ದಿದಳು.

"ಅನ್ನಾ ಇಟ್ಟೀಯೇನ? ಬರೇ ಬಾಯಿಲೆ ಯಾಕ ಕರೀತಿ? ಅಷ್ಟ ದೂರದಿಂದ ಬಂದು ಹಸದು ಕುಂದರ್ತಾರ ಅವರು!"

ನನಗೆ ಸಿಕ್ಕಿದ್ದು ಒಬ್ಬ ಹೆಂಗಸಿನ ಎಲೆ. ಅವಳು ಗೋವೆಯ ಯಾವುದೋ ದೊಡ್ಡ ಮನೆಯ ಅಡುಗೆಮನೆಯಿಂದ, ಒಲೆ ಉರಿಯುತ್ತಿರುವಾಗಲೇ ಎದ್ದು ನಡೆದವಳಂತೆ. ಅವಳ ಹೆಸರನ್ನು ಇಲ್ಲಿ ಹೇಳುತ್ತೇನೆ. ಬರೆಯುವ ಮುಂಚೆ ಒಂದು ತುತ್ತು ತೆಗೆದು ಪಕ್ಕಕ್ಕಿಟ್ಟಿದ್ದೇನೆ. ಮಕವಾಬಾಯಿ. ಉಳಿದವರ ಹೆಸರುಗಳನ್ನು ಬರೆಯುವುದಿಲ್ಲ. ಓದುವವರ ಕೈಯಲ್ಲಿ ಅನ್ನ ಇದೆಯೋ ಇಲ್ಲವೋ ನನಗೇನು ಗೊತ್ತು? "ಹಟಮಾರಿಗೆ ಹಟಮಾರಿ ಎಲಿ" ಎಂದು ಅವ್ವ ನನ್ನನ್ನು ಛೇಡಿಸುತ್ತಿದ್ದಳು. ಅದು ಬೈಗುಳವೆಂದು ನನಗೆ ಒಂದು ದಿನವೂ ಅನ್ನಿಸಲಿಲ್ಲ.

ನನಗೆ ಆ ಎಲೆ ಸಿಕ್ಕ ವರ್ಷವೇ ಶಾಲೆಯಲ್ಲಿ ಇತಿಹಾಸದ ಪಾಠ ಶುರುವಾಯಿತು. ರಾಜರು, ಶಾಸನಗಳು, ತಾಮ್ರಪಟಗಳು. ಕೊನೆಗೆ ಮಾಸ್ತರರು ನಿಮ್ಮ ನಿಮ್ಮ ಮನೆತನದ ಬಗ್ಗೆ ಗೊತ್ತಿದ್ದದ್ದು ಹೇಳಿ ಎಂದರು. ಒಬ್ಬ ಹುಡುಗ ತನ್ನ ಮುತ್ತಜ್ಜ ದೇಸಾಯರ ವಾಡೆಯಲ್ಲಿದ್ದ ಎಂದ, ಇನ್ನೊಬ್ಬಳು ಮನೆಯಲ್ಲಿ ತಾಡೋಲೆ ಇದೆ ಎಂದಳು. ನಾನು ಎದ್ದು ನಿಂತೆ. ಮಾಸ್ತರರು ಕೆಟ್ಟವರಲ್ಲ, ನನ್ನ ಅಕ್ಷರ ದುಂಡಗಿದೆ ಎಂದು ಎಲ್ಲರೆದುರು ಹೊಗಳಿದವರು. ಅದಕ್ಕೇ ಅವರ ಮಾತು ಅಷ್ಟು ಆಳಕ್ಕೆ ನಾಟಿತು.

"ಬರದಿಟ್ಟವರಿಗೆ ಇತಿಹಾಸ ಇರತೈತಿ ಬೇ. ನಿಮ್ಮ ಮಂದಿ ಏನೂ ಬರದಿಟ್ಟಿಲ್ಲ. ನಿಮಗ ಇತಿಹಾಸ ಇಲ್ಲ. ಕುಂದರು."

ಕೂತೆ. ಮನೆಗೆ ಬಂದು ಪಾಟಿಚೀಲ ಎಸೆದು, ಗಂಜಿ ಒಲ್ಲೆನೆಂದು ಗೋಡೆಯ ಕಡೆ ಮುಖ ಮಾಡಿ ಮಲಗಿದೆ. ಅವ್ವ ಜ್ವರ ಬಂದಿದೆಯೇನೋ ಎಂದು ಹಣೆ ಮುಟ್ಟಿ ನೋಡಿದಳು. ಆಯಿ ಮಾತ್ರ ಬಾಯಿ ಬಿಡಿಸಿದಳು. ಕೇಳಿದವಳು ಸಮಾಧಾನ ಹೇಳಲಿಲ್ಲ, ನನ್ನ ರಟ್ಟೆ ಹಿಡಿದು ಎಬ್ಬಿಸಿ ಮೂಲೆಯ ಮುಂದೆ ನಿಲ್ಲಿಸಿದಳು.

"ಇಲ್ಲ ಅಂದ್ನೇನ? ಹಂಗಾರ ಇಲ್ಲಿ ಕುಂತವರು ಯಾರಂತ? ಕೇಳಬೇಕಿಲ್ಲ ಅವಂಗ? ಬಾಯಿ ಇರಲಿಲ್ಲೇನ ನಿನಗ?"

ಬಾಯಿ ಇತ್ತು, ಆದರೆ ಅದರೊಳಗೆ ಒಂದೇ ಹೆಸರಿತ್ತು. ಅದನ್ನೂ ಅನ್ನವಿಲ್ಲದೆ ಶಾಲೆಯಲ್ಲಿ ಹೇಳುವಂತಿರಲಿಲ್ಲ. ಇದನ್ನು ನಾನು ಆಯಿಗೆ ಹೇಳಿದೆ. ಅವಳು ಒನಕೆ ಎತ್ತಿಕೊಂಡು ಹೊರಗೆ ನಡೆದಳು. ಆ ಸಂಜೆಯೆಲ್ಲ ಅಂಗಳದಲ್ಲಿ ಕೂತು ಹುಣಸೆ ಬೀಜ ಕುಟ್ಟಿದಳು, ಅಷ್ಟು ಜೋರಾಗಿ ಕುಟ್ಟುವ ಅಗತ್ಯವಿಲ್ಲದಿದ್ದರೂ.

ಟೇಪಿನ ಸಾಹೇಬರನ್ನು ಮನೆಗೆ ತಂದವನು ಕಾಕಾ. ಅವರು ಹಳ್ಳಿ ಹಳ್ಳಿ ತಿರುಗಿ ಹಾಡು ಕೂಡಿಸುತ್ತಿದ್ದ ನಗರದ ಮನುಷ್ಯ, ಹೆಗಲಿಗೆ ಟೇಪ್‌ರೆಕಾರ್ಡರ್, ಕಾಲಿಗೆ ಧೂಳು ತುಂಬಿದ ಬೂಟು. ಅಳ್ನಾವರದ ಸಂತೆಯಲ್ಲಿ ಅವರು ಸಿಕ್ಕಾಗ ಕಾಕಾ ತನ್ನ ತಾಯಿಗೆ ಗೊತ್ತಿರುವ ಹೆಸರುಗಳು ಜಗತ್ತಿನಲ್ಲಿ ಬೇರೆ ಯಾರಿಗೂ ಗೊತ್ತಿಲ್ಲ ಎಂದು ಕೊಚ್ಚಿಕೊಂಡಿದ್ದ. ಅದು ನಿಜವಾಗಿತ್ತು, ಅವನ ಬಾಯಿಂದ ಬಂದದ್ದರಿಂದ ಕೊಚ್ಚಿಕೊಂಡಂತೆ ಕೇಳಿಸಿತ್ತು ಅಷ್ಟೇ. ಸಾಹೇಬರನ್ನು ಜಗುಲಿಯಲ್ಲಿ ಕೂರಿಸಿ ನೀರು ಕೊಟ್ಟು ಒಳಗೆ ಬಂದ ಕಾಕಾನನ್ನು ಅವ್ವ ಅಡುಗೆಮನೆಯ ಬಾಗಿಲಲ್ಲೇ ತಡೆದಳು.

"ಹಿರ್ಯಾರನ್ನ ಡಬ್ಬ್ಯಾಗ ಹಾಕಿ ಕಳಸ್ತೀಯೇನ? ಅಲ್ಲಿ ಅವರಿಗೆ ಉಣ್ಣಾಕ ಯಾರ ಕೊಡ್ತಾರ?"

"ವೈನಿ, ರೇಡಿಯೋದಾಗ ಬರತೈತಿ. ಎಲ್ಲಾರೂ ಕೇಳ್ತಾರ."

"ಕೇಳಿ? ಕೇಳಿ ಏನ ಮಾಡ್ತಾರ? ಕೈ ತೊಳಕೊಂಡು ಮಕ್ಕೋತಾರ!"

ಇಬ್ಬರೂ ಮೂಲೆಗೆ ಕೇಳಿಸಲೆಂದೇ ಕಿರುಚುತ್ತಿದ್ದರು. ಆಯಿ ಎದ್ದು ಬಂದು ನಡುವೆ ನಿಂತಳು. ಅವಳು ಅವ್ವನ ಪಕ್ಷ ಹಿಡಿಯುತ್ತಾಳೆಂದು ನಾನು ಅಂದುಕೊಂಡಿದ್ದೆ.

"ಆ ಸಾಲಿ ಮಾಸ್ತರ ಏನಂದಾನ? ನಾವು ಇಟ್ಟಿಲ್ಲ ಅಂದಾನ. ಹಂಗಾರ ಇಡೂಣು. ನಾಳೆ ಯಾವನರ ಇಲ್ಲ ಅಂದ್ರ ಅಲ್ಲಿ ಹೋಗಿ ಕೇಳ್ಲಿ. ನೀ ಒಲಿ ಹಚ್ಚು."

ಆಮೇಲೆ ಜಗುಲಿಗೆ ಹೋಗಿ ಸಾಹೇಬರ ಮುಂದೆ ನಿಂತು ತನ್ನ ಕರಾರು ಹೇಳಿದಳು.

"ಇದನ್ನ ನೀವು ಹಚ್ಚಿದಾಗೊಮ್ಮೆ ಅವರು ಬರ್ತಾರ್ರಿ. ಬಂದಾಗ ಒಂದ ತುತ್ತು ಅನ್ನಾ ಇಡಬೇಕು. ಇಡ್ತೀರೇನು?"

"ಇಡ್ತೀನ್ರಿ ಅಜ್ಜಿ," ಎಂದರು ಅವರು. ನಕ್ಕರು, ಆದರೆ ಕೈಯೆತ್ತಿ ಮುಗಿದೇ ಹೇಳಿದರು.

ಮಹಾನವಮಿಯಲ್ಲದ ದಿನ ಮಹಾನವಮಿ ನಡೆಯಿತು. ಅವ್ವ ಮುಖ ಗಂಟಿಕ್ಕಿಕೊಂಡೇ ಕರಿ ಕೋಳಿ ಬೇಯಿಸಿದಳು. ಸಿಟ್ಟಿನಲ್ಲಿ ಮಾಡಿದ ಅವಳ ಅಡುಗೆ ಯಾವಾಗಲೂ ಹೆಚ್ಚು ರುಚಿ. ಎಲೆಗಳು ಬಂದವು, ಕಾಕಾ ಡಮಾಮಿ ಬಿಗಿಮಾಡಿದ, ಸಾಹೇಬರು ಗುಂಡಿ ಒತ್ತಿ ಬೆರಳು ತುಟಿಗೆ ಇಟ್ಟುಕೊಂಡರು. ನನಗೆ ಕೊಟ್ಟ ಕೆಲಸ ಬೆಕ್ಕು ಕಾಯುವುದು. ಕೋಳಿಯ ವಾಸನೆಗೆ ನಮ್ಮ ಒಕ್ಕಣ್ಣಿನ ಬೆಕ್ಕಿಗೆ ಹುಚ್ಚು ಹಿಡಿದಿತ್ತು. ನಾನೋ ತಿರುಗುವ ಟೇಪನ್ನು ನೋಡುತ್ತ ಬಾಯಿ ತೆರೆದು ಕೂತಿದ್ದೆ. ಆಯಿ ಉದ್ದುದ್ದ ಹೆಸರುಗಳನ್ನು ದಾಟಿ ಸರದ ಕೊನೆಗೆ ಬರುವಷ್ಟರಲ್ಲಿ ಬೆಕ್ಕು ಕೊನೆಯ ಎಲೆಯ ಹತ್ತಿರ ನುಸುಳಿತ್ತು. ಸರ ನಿಲ್ಲಿಸುವಂತಿಲ್ಲ. ಅವಳು ರಾಗ ಮುರಿಯದೆ, ದನಿ ಏರಿಸದೆ, ಹಿರಿಯರನ್ನು ಕರೆದ ಅದೇ ಎಳೆತದಲ್ಲಿ "ಸುಶೀ" ಎಂದು ನನ್ನನ್ನು ಕರೆದು, ಗದ್ದದಿಂದ ಬೆಕ್ಕನ್ನು ತೋರಿಸಿದಳು. ನಾನು ಹಾರಿ ಅದರ ಬಾಲ ಹಿಡಿದೆ. ಸರ ಮುಗಿಯಿತು, ಗುಂಡಿ ಟಕ್ಕೆಂದಿತು.

ಅಂದು ಎಲೆಗಳನ್ನು ಸುತ್ತಲಿನ ಮಕ್ಕಳು ಯಾರ ಎಲೆಯೆಂದು ಕೇಳದೆ ಸಿಕ್ಕಸಿಕ್ಕಂತೆ ಉಂಡರು. ನನ್ನ ಮಕವಾಬಾಯಿಯ ಎಲೆಯನ್ನು ಅತಿಥಿಯೆಂದು ಸಾಹೇಬರಿಗೆ ಕೊಟ್ಟರು. ಅವರು ಚೂರೂ ಬಿಡದೆ ಉಂಡು ಬೆರಳು ನೆಕ್ಕಿದ್ದನ್ನು ನಾನು ಕೆಕ್ಕರಿಸಿಕೊಂಡು ನೋಡಿದೆ. ಗಡಿಗೆಯಲ್ಲಿ ಕೋಳಿ ಉಳಿದಿರಲಿಲ್ಲ. ನಾನು ಆಯಿಯ ಸೆರಗು ಹಿಡಿದು ಜಗ್ಗಿದೆ.

"ನನ್ನೂ ಕರದೀ ಅಲ್ಲ? ಹೆಸರ ಕರದ ಮ್ಯಾಲೆ ಅನ್ನಾ ಇಡಬೇಕು. ನನ್ನ ಎಲಿ ಎಲ್ಲಿ?"

"ಜೀವಂತ ಇದ್ದವರಿಗೆ ಎಲಿ ಇಲ್ಲ ಬೇ, ಬಾಯಿ ಐತಿ. ಆಮ್ಯಾಲೆ ಉಣ್ಣುವಂತಿ ಹೋಗು."

ಆಮೇಲೆ ಸಿಕ್ಕಿದ್ದು ಗಂಜಿ. ಹೆಸರು ಕರೆಸಿಕೊಂಡು ಉಣ್ಣದೆ ಎದ್ದವಳು ನಮ್ಮ ವಂಶದಲ್ಲೇ ನಾನೊಬ್ಬಳು ಎಂದು ಬಹಳ ದಿನ ಸಿಟ್ಟು ಸಾಧಿಸಿದೆ.

ಮುಂದಿನ ಮಹಾನವಮಿ ಬರುವ ಮುಂಚೆ ಆಯಿ ತೀರಿಕೊಂಡಳು. ಅಂಗಳದಲ್ಲಿ ಭತ್ತ ಕೇರುತ್ತಿದ್ದವಳು ಮೊರ ಕೆಳಗಿಟ್ಟು ಒರಗಿದಳು, ಅಷ್ಟೇ. ಆ ವರ್ಷ ಎಲೆಗಳನ್ನು ಹಾಸಿದ ಮೇಲೆ ನಮ್ಮ ತಪ್ಪು ನಮಗೆ ಕಂಡಿತು. ಒಬ್ಬೊಬ್ಬರಿಗೂ ಒಂದೊಂದು ಎಲೆಯ ಹೆಸರು ಮಾತ್ರ ಗೊತ್ತಿತ್ತು. ಸರ ಪೂರ್ತಿ ಗೊತ್ತಿದ್ದವಳು ಆಯಿ ಒಬ್ಬಳೇ. ಕಾಕಾ ಜೀವನವೆಲ್ಲ ಡಮಾಮಿಯ ಸದ್ದಿನೊಳಗೆ ಕೂತಿದ್ದ, ಅವ್ವನ ಗಮನ ಎಲ್ಲ ಅನ್ನದ ಮೇಲೆ ಇರುತ್ತಿತ್ತು. ಉದ್ದುದ್ದ ಹೆಸರುಗಳ ಎಲೆ ಉಣ್ಣುತ್ತಿದ್ದವರು ಆಯಿಯ ಓರಗೆಯವರು, ಅವರು ಅವಳಿಗಿಂತ ಮೊದಲೇ ಮಣ್ಣಾಗಿದ್ದರು. ಮಕ್ಕಳಿಗೆ ಆ ಎಲೆಗಳನ್ನು ಹಂಚುವ ಕೆಲಸ ನಾಳೆ ನಾಡಿದ್ದು ಎಂದು ಉಳಿದುಬಿಟ್ಟಿತ್ತು. ಗೊತ್ತಿದ್ದ ಹೆಸರು ಕರೆದೆವು. ಉಳಿದ ಎಲೆಗಳಿಗೆ ಹೆಸರಿಲ್ಲದೆ ಅನ್ನ ಇಟ್ಟೆವು. "ಕರೀದ ಇಟ್ಟ ಅನ್ನಾ ನಾಯಿಗೆ ಹಾಕಿದಂಗ" ಎಂದು ಅವ್ವ ಅತ್ತಳು. ಆಮೇಲಿನ ಪ್ರತಿ ಮಹಾನವಮಿಗೆ ಅವಳಿಗೂ ಕಾಕಾನಿಗೂ ಅದೇ ಜಗಳ, ಟೇಪಿನ ಸಾಹೇಬರ ವಿಳಾಸ ಯಾಕೆ ಕೇಳಿಟ್ಟುಕೊಳ್ಳಲಿಲ್ಲ ಎಂದು.

ನಾನು ಓದಿದೆ. ಆ ಮಾಸ್ತರರ ಮಾತು ಸುಳ್ಳು ಮಾಡಬೇಕೆಂಬ ಒಂದೇ ಹಟದಿಂದ ಓದಿದೆ ಎಂದರೆ ಉತ್ಪ್ರೇಕ್ಷೆಯಲ್ಲ. ಬರೆದಿಟ್ಟವರಿಗೆ ಮಾತ್ರ ಇತಿಹಾಸ ಎಂದಿದ್ದರಲ್ಲ, ಬರೆದಿಟ್ಟದ್ದೆಲ್ಲ ಎಲ್ಲಿರುತ್ತದೋ ಅಲ್ಲೇ ಕೂರುತ್ತೇನೆ ಎಂದು ಪಂಚಾಯಿತಿ ಗ್ರಂಥಾಲಯದ ಮೇಲ್ವಿಚಾರಕಿಯ ಕುರ್ಚಿಯಲ್ಲಿ ಕೂತೆ. ಒಂದು ಮಧ್ಯಾಹ್ನ ಅಲ್ಲಿಗೆ ಬಂದ ಆಫ್ರಿಕಾದ ಮೇಲಿನ ಪುಸ್ತಕವೊಂದನ್ನು ತಿರುವುತ್ತಿದ್ದೆ. ಮೊಜಾಂಬಿಕಿನಲ್ಲಿ ಮಕುವಾ ಎಂಬ ಒಂದು ದೊಡ್ಡ ಜನವಿದೆ ಎಂದು ಅದರಲ್ಲಿತ್ತು. ನನ್ನ ಎಲೆಯವಳು ಸುಮ್ಮನೆ ಬಂದವಳಲ್ಲ. ಗೋವೆಯಲ್ಲಿ ಅವಳನ್ನು ಯಾವ ಹೆಸರಿಂದ ಕೂಗಿದರೋ ಏನೋ, ಅವಳು ತನ್ನ ಜನದ ಹೆಸರನ್ನೇ ಹೊತ್ತು ಘಟ್ಟ ಹತ್ತಿದ್ದಳು ಎಂದು ನನಗೆ ಖಾತ್ರಿಯಾಯಿತು. ಬಾಗಿಲು ಹಾಕಿಕೊಂಡು ಅತ್ತೆ. ಮನೆಗೆ ಓಡಿಬಂದು ಅವ್ವನಿಗೆ ಹೇಳಿದರೆ ಅವಳು ಮೂಲೆಯ ಕಡೆ ತಿರುಗಿ, "ಹಂಗಾರ ಉಳಿದವರೂ ಎಲ್ಲಿಯವರರ ಇರತಾರಲ್ಲ. ಹಸದು ಕುಂತಾರ. ನೀ ಅವರನ್ನ ಹುಡಕು," ಎಂದಳು.

ಹುಡುಕಿದೆ. ಸಾಹೇಬರು ತೀರಿಕೊಂಡಿದ್ದರು. ಅವರ ಟೇಪುಗಳೆಲ್ಲ ನಗರದ ಒಂದು ಧ್ವನಿ ಸಂಗ್ರಹಕ್ಕೆ ಸೇರಿದ್ದವು. ನಮ್ಮ ಆಯಿಯ ದನಿ ಕೇಳಲು ನಮಗೇ ಅರ್ಜಿ, ಶಿಫಾರಸು, ಗುರುತಿನ ಚೀಟಿ. ಪ್ರತಿ ಕೊಡುವುದಿಲ್ಲ, ಅಲ್ಲೇ ಕೂತು ಕೇಳಬಹುದು ಎಂದರು. ಹೊರಡುವ ಬೆಳಿಗ್ಗೆ ಅವ್ವ, ಈಗ ಕಣ್ಣು ಮಂಜಾದವಳು, ಒಲೆಯ ಮುಂದೆ ಕೂತು ತಾನೇ ಅನ್ನ, ಕೋಳಿ ಸಾರು ಮಾಡಿ ಡಬ್ಬಿ ಕಟ್ಟಿದಳು. ಎಲ್ಲರಿಗೂ ಸೇರಿ ಒಂದು ಸಾಗವಾನಿ ಎಲೆ ಮಡಚಿ ಚೀಲದಲ್ಲಿಟ್ಟಳು. "ಅನ್ನಾ ಇಲ್ಲದ ಹಚ್ಚಿಸಬ್ಯಾಡ," ಎಂದಳು.

ತಂಪು ಗಾಳಿಯ ಸಣ್ಣ ಕೋಣೆ. ಗೋಡೆಯ ಮೇಲೆ ಬೋರ್ಡು: ತಿಂಡಿ ತಿನಿಸು, ನೀರು ನಿಷೇಧ. ಅದರ ಕಾರಣ ನನಗೆ ಯಾರೂ ಹೇಳಿಕೊಡಬೇಕಿಲ್ಲ. ಇಲಿ, ಇರುವೆ, ಬೂಷ್ಟು. ನನ್ನ ಗ್ರಂಥಾಲಯದಲ್ಲೂ ಅಂಥದೇ ಬೋರ್ಡಿದೆ, ನಾನೇ ದುಂಡಗೆ ಬರೆದದ್ದು. ಅಲ್ಲಿನ ಅಧಿಕಾರಿ ನನಗಿಂತ ಚಿಕ್ಕ ವಯಸ್ಸಿನ ಹೆಂಗಸು, ಮರ್ಯಾದೆಯಿಂದಲೇ ಕುರ್ಚಿ ಕೊಟ್ಟು ಟೇಪಿನ ಜೊತೆಗಿನ ವಿವರದ ಹಾಳೆ ಮುಂದಿಟ್ಟರು. ಹಾಡಿದವರು: ಸಿದ್ದಿ ಮುದುಕಿ. ಕೆಳಗೆ ಮೊದಲ ಕೆಲವು ಹೆಸರುಗಳು. ಆಮೇಲೆ ಕಂಸದೊಳಗೆ, ಅರ್ಥವಿಲ್ಲದ ಶಬ್ದಗಳು. ಕಂಸ ಮುಗಿದ ಮೇಲೆ ಕೊನೆಯ ಹೆಸರು, ಸುಶಿ. ಬೆಕ್ಕು ನೆನಪಾಗಿ ನಗು ಬಂತು. ಆದರೆ ಆ ಕಂಸ ಕಣ್ಣಿಗೆ ಬಿದ್ದು ನಗು ಅಲ್ಲೇ ನಿಂತಿತು.

"ಇದನ್ನ ಯಾರ ಬರದಾರ್ರಿ?"

"ತಜ್ಞರು ಬರದಾರ್ರಿ. ಅವರಿಗೆ ಅರ್ಥ ಆಗಿಲ್ಲ, ಅದಕ್ಕ ಹಂಗ ಹಾಕ್ಯಾರ."

"ಅರ್ಥ ಆಗಿಲ್ಲ ಅಂತ ಬರೀಬೇಕಿತ್ತಲ್ರಿ. ಅರ್ಥ ಇಲ್ಲ ಅಂತ ಯಾಕ ಬರದ್ರು?"

"ಹಂಗಾದ್ರ ಅದರ ಅರ್ಥ ಏನು, ನೀವ ಹೇಳ್ರಿ."

"ಮಂದಿ ಹೆಸರ್ರಿ ಅವು. ಹೆಸರಿಗೆ ಅರ್ಥ ಯಾಕ ಬೇಕ್ರಿ? ನಿಮ್ಮ ಹೆಸರಿನ ಅರ್ಥ ಕೇಳಿ ಇಲ್ಲಿ ಕೆಲಸಕ್ಕ ತಗೊಂಡಾರೇನು? ಆ ಮುದುಕಿಗೂ ಒಂದ ಹೆಸರ ಐತಿ. ಮೊದಲ ಅದನ್ನ ಬರೀರಿ."

ಅನ್ನದ ಡಬ್ಬಿಯ ಮೇಲೆ ಕೈಯಿಟ್ಟು ಆಯಿಯ ಹೆಸರು ಹೇಳಿದೆ, ಅವರು ಪೆನ್ನು ತೆಗೆದು ಬರೆದುಕೊಂಡರು. ಕಂಸದ ಮೇಲೆ ಗೀಟು ಹಾಕಿದರು. ಆಮೇಲೆ ಕೊನೆಯ ಸಾಲಿಗೆ ಬೆರಳಿಟ್ಟು, ಇದೂ ಹಿರಿಯರ ಹೆಸರೇ ಏನು ಎಂದು ಕೇಳಿದರು. ಅದು ಇರಲಿ, ತೆಗೀಬ್ಯಾಡ್ರಿ ಎಂದೆ.

ಮೇಜಿನ ಮೇಲೆ ಎಲೆ ಬಿಚ್ಚಿ ಹಾಸಿದೆ. ಡಬ್ಬಿಯ ಮುಚ್ಚಳ ತೆಗೆದೆ. ಕೋಳಿ ಸಾರಿನ ವಾಸನೆ ಆ ತಂಪು ಕೋಣೆಯನ್ನೆಲ್ಲ ತುಂಬಿತು.

"ಮೇಡಮ್ಮರ, ಇಲ್ಲಿ ಊಟ ಮಾಡಂಗಿಲ್ರಿ. ಬೋರ್ಡು ನೋಡಿಲ್ಲೇನು?"

"ನೋಡೀನ್ರಿ. ಇದನ್ನ ಹಚ್ಚಿದಾಗೊಮ್ಮೆ ಅನ್ನಾ ಇಡ್ತೀನಿ ಅಂತ ನಿಮ್ಮ ಸಾಹೇಬ್ರು ನಮ್ಮ ಆಯಿಗೆ ಮಾತು ಕೊಟ್ಟಾರ. ಇಷ್ಟ ವರ್ಷ ಒಮ್ಮೆನೂ ಇಟ್ಟಿಲ್ಲ. ಹಚ್ಚರಿ."

ಅವರು ನನ್ನನ್ನು ನೋಡಿದರು, ಎಲೆಯನ್ನು ನೋಡಿದರು. ಮೇಲಿನವರು ನನ್ನನ್ನು ಬೈತಾರ್ರಿ ಎಂದರು. ಬೈದರೆ ನನ್ನ ಹತ್ತಿರ ಕಳಿಸಿ ಎಂದೆ. ಗುಂಡಿ ಒತ್ತಿದರು.

ಮೊದಲು ಡಮಾಮಿ, ಆಮೇಲೆ ಆಯಿ. ನನಗಿಂತ ಗಟ್ಟಿ ದನಿ. ಅವಳು ಕರೆಯುತ್ತ ಹೋದಳು, ನಾನು ತುತ್ತು ಇಡುತ್ತ ಹೋದೆ. ಮಕವಾಬಾಯಿ ಬಂದಳು, ಅವಳಿಗೆ ಇಟ್ಟೆ. ಉದ್ದುದ್ದ ಹೆಸರುಗಳು ಒಂದೊಂದಾಗಿ ಬಂದವು, ಹಸಿದವರು ಬಂದ ಹಾಗೆಯೇ ಬಂದವು. ಪ್ರತಿಯೊಂದನ್ನೂ ಬಾಯಲ್ಲಿ ಹೇಳಿಕೊಳ್ಳುತ್ತ ಎಲೆಯ ಮೇಲೆ ಅನ್ನ ಇಟ್ಟೆ. ಈಗ ನಮ್ಮ ಮೂಲೆಯಲ್ಲಿ ಹೆಸರಿಲ್ಲದ ಎಲೆ ಒಂದೂ ಇಲ್ಲ. ಒಂದೊಂದು ಹೆಸರಿಗೂ ಉಣ್ಣುವ ಒಂದೊಂದು ಮಗುವನ್ನು ಅವ್ವ ತಾನೇ ಗೊತ್ತುಮಾಡಿದ್ದಾಳೆ. ಅಂದು ಆ ಕೋಣೆಯಲ್ಲಿ ಅಧಿಕಾರಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದರು. ಸರ ಮುಗಿಯುತ್ತ ಬಂತು. ಟೇಪಿನೊಳಗೆ ಎಲ್ಲೋ ಒಂದು ಬೆಕ್ಕು ಗುರುಗುಟ್ಟಿತು. ಆಯಿ, ರಾಗ ಮುರಿಯದೆ, ದನಿ ಏರಿಸದೆ, ಹಿರಿಯರನ್ನು ಕರೆದ ಅದೇ ಎಳೆತದಲ್ಲಿ ನನ್ನನ್ನು ಕರೆದಳು.

ಡಬ್ಬಿಯ ತಳದಲ್ಲಿ ಒಂದು ತುತ್ತು ಉಳಿದಿತ್ತು. ಉಳಿದವರದೆಲ್ಲ ಎಲೆಯ ಮೇಲಿಟ್ಟಿದ್ದೆ. ನನ್ನದನ್ನು ನೇರ ಬಾಯಿಗೆ ಹಾಕಿಕೊಂಡು, ಆ ಬೋರ್ಡಿನ ಕೆಳಗೆ ಕೂತು, ಅಗಿದು ನುಂಗಿದೆ.